ಸೋಮವಾರ ದೆಹಲಿ ಪೂರ್ತಿ ಬಂದ್ ಇರಲ್ಲ

'ಸೋಮವಾರ ದೆಹಲಿಗೆ ಹೋಗಲೇಬೇಡಿ, ನೋಡುವ ಜಾಗ ಎಲ್ಲಾ ಬಂದ್' ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಕೆಂಪುಕೋಟೆ, ಅಕ್ಷರಧಾಮ, ಲೋಟಸ್ ಟೆಂಪಲ್, ರಾಷ್ಟ್ರೀಯ ವಸ್ತುಸಂಗ್ರಹಾಲಯ ಇವಕ್ಕೆ ಸೋಮವಾರ ರಜೆ. ಆದರೆ ಕುತುಬ್ ಮಿನಾರ್, ಹುಮಾಯೂನ್ ಸಮಾಧಿ ವಾರದ ಏಳೂ ದಿನ ತೆರೆದಿರುತ್ತವೆ. ಇಂಡಿಯಾ ಗೇಟ್, ಲೋಧಿ ಗಾರ್ಡನ್, ಬಂಗ್ಲಾ ಸಾಹಿಬ್ ಗುರುದ್ವಾರಕ್ಕೂ ಸೋಮವಾರದ ತಂಟೆ ಇಲ್ಲ. ಒಂದು ದಿನಕ್ಕೆ ಇಷ್ಟೇ ಜಾಸ್ತಿ ಅಲ್ವಾ?

ಅದೇ ಮೆಸೇಜ್‌ನಲ್ಲಿ 'ಕುತುಬ್ ಮಿನಾರ್ ತುದಿಗೆ ಹತ್ತಿ ಫೋಟೊ ತೆಗೆಯಿರಿ' ಅಂತಲೂ ಇದೆ. ಅದು ಶುದ್ಧ ಸುಳ್ಳು. 1981ರ ಡಿಸೆಂಬರ್‌ನಲ್ಲಿ ಒಳಗಿನ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು. ಹೆಚ್ಚಿನವರು ಶಾಲಾ ಮಕ್ಕಳು. ಆವತ್ತಿನಿಂದ ಜನರನ್ನು ಒಳಗೆ ಬಿಡುವುದಿಲ್ಲ. ಸುಮಾರು 73 ಮೀಟರ್ ಎತ್ತರದ ಅದನ್ನು ಕೆಳಗೆ ನಿಂತು, ಕತ್ತೆತ್ತಿ ನೋಡಬೇಕು. ಕೆಂಪು ಕಲ್ಲಿನ ಮೇಲೆ ಸುತ್ತಲೂ ಕೆತ್ತಿದ ಅಕ್ಷರಗಳ ಪಟ್ಟಿ ಕಾಣುವುದು ಹಾಗೇ. ಪಕ್ಕದ ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು, ಕೈ ಹಿಂದೆ ಮಾಡಿ ತಬ್ಬಿದರೆ ಅದೃಷ್ಟ ಎನ್ನುವ ಆಸೆಯೂ ಬೇಡ. ಸುತ್ತ ಬೇಲಿ ಹಾಕಿದ್ದಾರೆ.

ಇನ್ನೊಂದು ಮಾತು. ಕುತುಬ್ ಮಿನಾರ್ ಮೆಟ್ರೊ ನಿಲ್ದಾಣದಲ್ಲಿ ಇಳಿದ ಕೂಡಲೇ ಮಿನಾರ್ ಸಿಗುವುದಿಲ್ಲ. ಸುಮ್ನೆ ಬಿಸಿಲಲ್ಲಿ ನಡೆಯಬೇಡಿ, ಆಟೊ ಹಿಡಿಯಿರಿ. ದೆಹಲಿಯಿಂದ ಆಗ್ರಾಕ್ಕೂ ಹೋಗುವವರು ಶುಕ್ರವಾರ ಬಿಟ್ಟು ಹೋಗಿ. ತಾಜ್‌ಮಹಲ್‌ಗೆ ರಜೆ ಇರುವುದು ಆವತ್ತು.