‘ಬೇಜಾರಾಗಿದ್ರೆ ಸಾರಿ’ ಅನ್ನೋದು ಸಾರಿನೇ ಅಲ್ಲ

ಇವತ್ತು ಮೀಟಿಂಗಲ್ಲಿ ಕೇಳಿದ ಒಂದು ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಹೊಸದಾಗಿ ಸೇರಿದ ಹುಡುಗಿ ರಾತ್ರಿಯೆಲ್ಲ ಕೂತು ಮಾಡಿದ ರಿಪೋರ್ಟನ್ನು ಒಬ್ಬ ಹಿರಿಯರು ತಮ್ಮದು ಅಂತ ಕಳಿಸಿದ್ದರು. ದನಿ ನಡುಗುತ್ತಿದ್ದರೂ ಅವಳು ಎಲ್ಲರ ಮುಂದೆ ಅದನ್ನು ಕೇಳಿದಳು. ಅವರು ಲ್ಯಾಪ್‌ಟಾಪಿಂದ ಕಣ್ಣೂ ಎತ್ತದೆ, “ನಿಂಗೆ ಬೇಜಾರಾಗಿದ್ರೆ ಸಾರಿ” ಅಂದು ಮುಂದಿನ ವಿಷಯಕ್ಕೆ ಹೋದರು. ಅವಳೇ “ಪರವಾಗಿಲ್ಲ ಸರ್” ಅನ್ನಬೇಕಾಯಿತು.

ಆ ‘ಆಗಿದ್ರೆ’ ಇದೆಯಲ್ಲ, ನನಗೆ ಮೈ ಉರಿಯೋದು ಅದಕ್ಕೇ. ರಿಪೋರ್ಟಿನ ಮಾತೇ ಇಲ್ಲ. ಬೇಜಾರು ಮಾಡಿಕೊಂಡಿದ್ದೇ ಅವಳ ತಪ್ಪು ಅನ್ನುವ ಹಾಗೆ ಆಯಿತು.

ಸಾರಿ ಹಗುರ ಪದ ಅಲ್ಲ. ಹಳೇ ಇಂಗ್ಲಿಷಿನ ‘ಸಾರಿಗ್’ನಿಂದ ಬಂದಿದ್ದು. ನೋವು, ಹುಣ್ಣು ಅನ್ನುವ ಅರ್ಥದ ‘ಸೋರ್’ ಅದರ ಒಡಹುಟ್ಟು. ದುಃಖ ಅನ್ನುವ ‘ಸಾರೋ’ ಹತ್ತಿರದ ನೆಂಟ ಅಂತ ಅನಿಸುತ್ತೆ, ಆದರೆ ಹುಟ್ಟಿನಲ್ಲಿ ಅವೆರಡೂ ಬೇರೆ ಬೇರೆ. ಅಂದರೆ ಸಾರಿ ಅನ್ನುವವರಿಗೇ ಒಳಗೆ ನೋಯಬೇಕು, ಅಲ್ವಾ?

ಮಾತು ಕೇಳಿಸದಾಗ “ಸಾರಿ?” ಅನ್ನಿ, ಸಾವಿನ ಮನೆಯಲ್ಲಿ ಅನ್ನಿ, ನನ್ನ ತಕರಾರಿಲ್ಲ. ಅಲ್ಲಿ ಯಾರದ್ದೂ ತಪ್ಪಿಲ್ಲ. ತಪ್ಪು ಮಾಡಿದವರು ಆ ಕನಿಕರದ ಸಾರಿಯ ಹಿಂದೆ ಬಚ್ಚಿಟ್ಟುಕೊಂಡಾಗ ಮಾತ್ರ ಸಿಟ್ಟು ಬರುತ್ತೆ.

ತಪ್ಪು ಒಪ್ಪಿಕೊಂಡರೆ ಸಿಕ್ಕಿಬೀಳುತ್ತೇವೆ ಅನ್ನುವ ಭಯ ಇರುತ್ತೆ, ಗೊತ್ತು. ಕೆನಡಾದ ಒಂಟಾರಿಯೋದಲ್ಲಿ 2009ರಲ್ಲಿ ಇದಕ್ಕೆ ಕಾನೂನೇ ಬಂತು. ಕ್ಷಮೆ ಕೇಳಿದ್ದನ್ನು ಸಿವಿಲ್ ಕೇಸಿನಲ್ಲಿ ತಪ್ಪೊಪ್ಪಿಗೆ ಅಂತ ಹಿಡಿಯುವ ಹಾಗಿಲ್ಲ. ಕೋರ್ಟಿನ ಭಯ ಇರುವವರ ಮಾತು ಅದು. ಮೀಟಿಂಗ್ ರೂಮಲ್ಲಿ ಯಾವ ಜಡ್ಜ್ ಕೂತಿದ್ದರು?

“ಅಷ್ಟಾದರೂ ಅಂದರಲ್ಲ, ಬಿಡು” ಅಂದ ಗೆಳೆಯ. ಬಿಡಲ್ಲ. ಸುಮ್ಮನಿದ್ದಿದ್ದರೇ ವಾಸಿ ಇತ್ತು. ಆಗ ಅವಳ ದೂರು ದೂರಾಗೇ ಉಳಿಯುತ್ತಿತ್ತು. ಈಗ ಇನ್ನೊಮ್ಮೆ ಬಾಯಿ ತೆರೆದರೆ “ಸಾರಿ ಹೇಳಿದರಲ್ಲ, ಇನ್ನೇನು ಬೇಕು?” ಅಂತ ಎಲ್ಲರೂ ಅವಳಿಗೇ ಕೇಳುತ್ತಾರೆ.

ನನ್ನ ಸಿಟ್ಟು ನೋಡಿದವರಿಗೆ ನಾನು ಎಷ್ಟು ಬೇಗ ಕರಗುತ್ತೇನೆ ಅಂತಲೂ ಗೊತ್ತು. ಯಾರಾದರೂ “ನಂದೇ ತಪ್ಪು” ಅಂದರೆ ಜಗಳ ಮುಂದುವರಿಸೋಕೆ ನನಗೆ ಬರೋದೇ ಇಲ್ಲ. “ಅದು ನಿನ್ನ ಕೆಲಸ, ನಾನು ನನ್ನದು ಅಂತ ಕಳಿಸಿದೆ, ಸಾರಿ” ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಆಮೇಲೆ, ರಿಪೋರ್ಟ್ ಯಾರ್ಯಾರಿಗೆ ಹೋಗಿತ್ತೋ ಅವರಿಗೆಲ್ಲ ಅವಳ ಹೆಸರು ಹಾಕಿ ಇನ್ನೊಂದು ಮೇಲ್.