ಹೊವಾರ್ಡನ ಪಾರಿವಾಳಗಳು

ಕ್ಯಾಪ್ಟನ್ ಯೂರಿ ವಟನಾಬೆಯವರ ಮೇಲೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ನ್ಯೂಯಾರ್ಕಿನ ಪೊಲೀಸ್ ಇಲಾಖೆಯ ನಿಷ್ಠಾವಂತ ಅಧಿಕಾರಿ. ಮಾತು ಬಿರುಸು, ಮನಸ್ಸು ಒಳ್ಳೆಯದು. ಆದರೆ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ತಲೆಕೆಳಗಾಗಿ ಧುಮುಕಿ, ಕೆಳಗಿನ ಹಳದಿ ಟ್ಯಾಕ್ಸಿಗಳು ಒಂದೊಂದಾಗಿ ಬಿಡಿಬಿಡಿಯಾಗಿ ಕಾಣುವವರೆಗೂ ಕಾದು, ಇನ್ನೇನು ನೆಲಕ್ಕಪ್ಪಳಿಸಬೇಕೆನ್ನುವಾಗ ಬಲೆಯೆಸೆದು, ಬೀದಿಯುದ್ದಕ್ಕೂ ಜೀಕಿಕೊಂಡು ಮೇಲೇರುತ್ತಿರುವ ಹೊತ್ತಿಗೆ ಸರಿಯಾಗಿ ಅವರ ಇಲಾಖೆಯ ವೈರ್‌ಲೆಸ್ ಕಿರ್ರೆಂದು ಇಲ್ಲೇ ಹತ್ತಿರದಲ್ಲಿ ಯಾರೋ ಕಾರು ಕದ್ದರೆಂದು ವರದಿ ಒಪ್ಪಿಸಿದರೆ, ಎಂಥ ಸಾಧು ಮನುಷ್ಯನಿಗೂ ಸಿಟ್ಟು ಬರುತ್ತದೆ. ಕಳೆದ ಭಾನುವಾರ ಸ್ಪೈಡರ್‌ಮ್ಯಾನ್ ವಿಡಿಯೋ ಗೇಮ್ ಆಡುತ್ತಿದ್ದ ನನಗೂ ಬಂತು. ಕಂಟ್ರೋಲರನ್ನು ಸೋಫಾದ ಮೇಲೆ ಕುಕ್ಕಿ, "ಸಂಬಳ ಎಣಿಸುವವರು ನೀವು, ನೀವೇ ಹೋಗಿ ಹಿಡಿಯಿರಿ" ಎಂದು ಟೀವಿಗೆ ಹೇಳಿದೆ. ಒಳಗಿನ ಕೋಣೆಯಿಂದ ಮಗ, "ಅಪ್ಪಾ, ಅದನ್ನ ಇಗ್ನೋರ್ ಮಾಡಬಹುದು" ಎಂದ.

ಮಾಡಬಹುದು, ನಿಜ. ಆದರೆ ಹಾಗೆ ಮಾಡಿದರೆ ಆ ಬಡಾವಣೆಯ ಲೆಕ್ಕ ಪೂರ್ತಿಯಾಗುವುದಿಲ್ಲ, ಕಳ್ಳರನ್ನು ಹಿಡಿಯದೆ ಟೋಕನ್ ಸಿಗುವುದಿಲ್ಲ, ಟೋಕನ್ ಇಲ್ಲದೆ ಹೊಸ ದಿರಿಸು ಹೊಲಿಯಲಾಗುವುದಿಲ್ಲ. ಆದ್ದರಿಂದ ಹೋಗಲೇಬೇಕು. ಕಳ್ಳರ ಕಾರಿನ ಚಾವಣಿಗೆ ಹಾರಬೇಕು, ಕಿಟಕಿಯಿಂದ ಬಂದೂಕು ಹೊರಚಾಚಿದವನನ್ನು ಎಳೆದುಹಾಕಬೇಕು, ಕೊನೆಗೆ ಬಲೆ ಬಿಗಿದು ಗಾಡಿಯನ್ನು ನಿಲ್ಲಿಸಬೇಕು. ಮೊದಲ ಸಲ ಇದನ್ನು ಮಾಡಿದಾಗ ಮೈ ಜುಮ್ಮೆಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆಟ ಮುಂದುವರಿದಂತೆ ಪಾತಕಲೋಕದ ದೊರೆ ಫಿಸ್ಕನ ಬಂಟರು ಹೋಗಿ ಮುಖವಾಡದ ಡೀಮನ್‌ಗಳು ಬರುತ್ತಾರೆ, ಅವರ ಹಿಂದೆ ಜೈಲು ಮುರಿದ ಕೈದಿಗಳು, ಅವರ ಹಿಂದೆ ಸೇಬಲ್ ಕಂಪನಿಯ ಬಾಡಿಗೆ ಸೈನಿಕರು. ಕದ್ದವರು ಬದಲಾಗುತ್ತಾರೆಯೇ ಹೊರತು ಕಳವು ಬದಲಾಗುವುದಿಲ್ಲ. ಮ್ಯಾನ್‌ಹಟನ್ನಿನ ಅಪರಾಧ ಜಗತ್ತಿಗೆ ಕಲ್ಪನಾಶಕ್ತಿಯ ಇಂಥ ದಾರಿದ್ರ್ಯವಿರಬಹುದೆಂದು ನಾನೆಂದೂ ಎಣಿಸಿರಲಿಲ್ಲ.

ಹಾಗೆಂದು ಈ ಆಟವನ್ನು ಮೂಲೆಗೆಸೆಯಲು ಮನಸ್ಸು ಬಾರದಿರುವುದಕ್ಕೆ ಒಂದೇ ಒಂದು ಕಾರಣವಿದೆ, ಅದು ಜೀಕುವುದು. ಸ್ಪೈಡರ್‌ಮ್ಯಾನ್ 1962ರಲ್ಲಿ ಕಾಮಿಕ್ ಪುಸ್ತಕದ ಪುಟದ ಮೇಲೆ ಹುಟ್ಟಿದವನು. ಅಲ್ಲಿ ಅವನ ಬಲೆ ಚೌಕಟ್ಟಿನ ಆಚೆ ಎಲ್ಲಿಗೆ ಅಂಟಿಕೊಂಡಿದೆಯೆಂದು ಯಾರೂ ಕೇಳುವಂತಿರಲಿಲ್ಲ. ಹಳೆಯ ವಿಡಿಯೋ ಗೇಮ್‌ಗಳೂ ಅದೇ ರಿಯಾಯಿತಿಯನ್ನು ಪಡೆದುಕೊಂಡು ಬಲೆಯನ್ನು ಬರಿಯ ಆಕಾಶಕ್ಕೇ ಕಟ್ಟುತ್ತಿದ್ದವು. 2004ರಲ್ಲಿ ಟ್ರೇಯಾರ್ಕ್ ಸಂಸ್ಥೆ ತಯಾರಿಸಿದ ಆಟದಲ್ಲಿ ಬಲೆಗೆ ನಿಜವಾದ ಕಟ್ಟಡವೇ ಬೇಕೆಂಬ ನಿಯಮ ಬಂತು. 2018ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಇನ್ಸಾಮ್ನಿಯಾಕ್ ಸಂಸ್ಥೆ ಹೊರತಂದ, ನಾನೀಗ ಬೈಯುತ್ತಿರುವ ಆಟ ಆ ನಿಯಮವನ್ನು ಒಂದು ಕುಸುರಿ ಕೆಲಸವನ್ನಾಗಿಸಿತು. ಬಲೆಯನ್ನು ತೂಗಿನ ತಳದಲ್ಲಿ ಬಿಟ್ಟರೆ ಮುಂದಕ್ಕೆ ಚಿಮ್ಮುತ್ತೀರಿ, ತುದಿಯಲ್ಲಿ ಬಿಟ್ಟರೆ ಮೇಲಕ್ಕೆ. ಮುಗಿಲೆತ್ತರದ ಕಟ್ಟಡಗಳ ಮಿಡ್‌ಟೌನಿನಲ್ಲಿ ರಾಜನಂತೆ ಹಾರುವವನು ಸೆಂಟ್ರಲ್ ಪಾರ್ಕಿಗೆ ಬಂದೊಡನೆ ಮರದಿಂದ ಮರಕ್ಕೆ ತಗ್ಗಿನಲ್ಲೇ ಕುಪ್ಪಳಿಸುವ ಪಾಡಿಗಿಳಿಯುತ್ತಾನೆ, ಏಕೆಂದರೆ ಅಲ್ಲಿ ಬಲೆಯೆಸೆಯಲು ಬೇರೇನೂ ಇಲ್ಲ. ನನಗೆ ಬಹಳ ಹಿಡಿಸಿದ ಸೂಕ್ಷ್ಮವೊಂದಿದೆ. ಸ್ಪೈಡರ್‌ಮ್ಯಾನ್ ಮುಖವಾಡದ ಹಿಂದಿರುವ ಪೀಟರನಿಗೆ ದನಿ ಕೊಟ್ಟ ಯೂರಿ ಲೋವೆಂಥಾಲ್ ಅವರಿಂದ ಮಾತುಗಳನ್ನು ಎರಡೆರಡು ಬಾರಿ ಹೇಳಿಸಿ ಧ್ವನಿಮುದ್ರಿಸಿಕೊಂಡಿದ್ದಾರೆ. ಒಮ್ಮೆ ಸುಮ್ಮನೆ ನಿಂತವನಂತೆ, ಇನ್ನೊಮ್ಮೆ ಏದುಸಿರು ಬಿಡುತ್ತಾ ನೇತಾಡುವವನಂತೆ. ಫೋನಿನಲ್ಲಿ ದೊಡ್ಡಮ್ಮ ಮೇ ಜೊತೆ ಮಾತಾಡುತ್ತಿರುವಾಗಲೇ ನೀವು ಕಟ್ಟಡದಿಂದ ಜಿಗಿದರೆ ದನಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇಷ್ಟೊಂದು ಶ್ರದ್ಧೆಯಿರುವ ಜನ ಕಾರು ಕಳ್ಳತನದ ಮಟ್ಟಿಗೆ ಮಾತ್ರ ಅಷ್ಟೊಂದು ಸೋಮಾರಿಗಳಾದದ್ದು ಹೇಗೆ?

ಮ್ಯಾಪಿನ ತುಂಬ ಹರಡಿರುವ ಚಿಲ್ಲರೆ ಕೆಲಸಗಳನ್ನೆಲ್ಲ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ. ಗೋಡೆಗಳಿಗೆ ಅಂಟಿಸಿಟ್ಟ 55 ಬೆನ್ನುಚೀಲಗಳಿವೆ, ಎಲ್ಲವೂ ಪೀಟರನು ಎಂಟು ವರ್ಷಗಳಲ್ಲಿ ಬಿಟ್ಟುಹೋದವು. 23ರ ಪ್ರಾಯದ ಈ ಯುವಕನಿಗೆ ಮನೆ ಬಾಡಿಗೆ ಕಟ್ಟಲು ದುಡ್ಡಿಲ್ಲ, ಮಾಲೀಕರು ಸಾಮಾನನ್ನು ಹೊರಗೆ ಹಾಕಿಸುತ್ತಾರೆ, ಆದರೆ ಚೀಲಕ್ಕೆ ಮಾತ್ರ ಬರವಿಲ್ಲ. ಇದನ್ನು ನಮ್ಮ ಮನೆಯಲ್ಲಿ ಯಾರಾದರೂ ಮಾಡಿದ್ದರೆ ಏನಾಗುತ್ತಿತ್ತೆಂದು ನನಗೆ ಗೊತ್ತು. ಪೀಟರನ ಗೆಳೆಯ ಹ್ಯಾರಿ ಆಸ್ಬಾರ್ನನ ಪ್ರಯೋಗಶಾಲೆಗಳ ಬಗ್ಗೆ ಏನನ್ನೂ ಹೇಳದಿರುವುದೇ ಸೌಜನ್ಯ. ಇವುಗಳ ನಡುವೆ ಒಂದೇ ಒಂದು ಕೆಲಸವನ್ನು ನಾನು ಕೊನೆಯವರೆಗೂ ಪ್ರೀತಿಯಿಂದ ಮಾಡಿದೆ, ಅದು ಹೊವಾರ್ಡನ ಪಾರಿವಾಳಗಳನ್ನು ಹಿಡಿದು ತರುವುದು. ಹೊವಾರ್ಡ್ ಮನೆಯಿಲ್ಲದ ಮುದುಕ, ಅವನ 12 ಪಾರಿವಾಳಗಳು ಊರಿನ ಮೂಲೆ ಮೂಲೆಗೆ ಹಾರಿಹೋಗಿವೆ, ಹಿಡಿದುಕೊಡಬೇಕು. ಹಕ್ಕಿ ಕಟ್ಟಡಗಳ ಸಂದಿಯಲ್ಲಿ ತೂರುತ್ತದೆ, ನೀರಿನ ತೊಟ್ಟಿಗಳನ್ನು ಸುತ್ತುಹಾಕುತ್ತದೆ, ಥಟ್ಟನೆ ಎಡಕ್ಕೆ ಹೊರಳುತ್ತದೆ. ನೀವು ಅದರ ಹಿಂದೆ ಜೀಕುತ್ತಾ, ಗೋಡೆಯ ಮೇಲೆ ಓಡುತ್ತಾ, ಕೈಗೆಟುಕುವಷ್ಟು ಹತ್ತಿರ ಬಂದಾಗ ಗುಂಡಿಯೊತ್ತಬೇಕು.

ಇದರಲ್ಲಿ ನನ್ನದೊಂದು ಸ್ವಾರ್ಥವೂ ಇದೆಯೆಂದು ಹೇಳಿಬಿಡುತ್ತೇನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವ ಯಾರಿಗೂ ಪಾರಿವಾಳದ ಬಗ್ಗೆ ತಟಸ್ಥ ಅಭಿಪ್ರಾಯವಿರಲು ಸಾಧ್ಯವಿಲ್ಲ. ನಾಲ್ಕನೇ ಮಹಡಿಯ ನಮ್ಮ ಬಾಲ್ಕನಿಯಲ್ಲಿ ಏಸಿಯ ಹೊರಪೆಟ್ಟಿಗೆಯ ಹಿಂದೆ ಒಂದು ಜೋಡಿ ಬಂದು, ಎಣಿಸಿ ನಾಲ್ಕೈದು ಕಡ್ಡಿ ಅಡ್ಡಡ್ಡ ಇಟ್ಟು, ಅದನ್ನೇ ಗೂಡೆಂದು ಘೋಷಿಸಿ ಮೊಟ್ಟೆಯಿಟ್ಟಿತು. ಮೊಟ್ಟೆಯಿರುವಾಗ ಗೂಡನ್ನು ಮುಟ್ಟಬಾರದೆಂದು ನನ್ನ ಹೆಂಡತಿ ಆಜ್ಞೆ ಮಾಡಿದಳು. ಮರಿಯಾಯಿತು, ಮರಿಯಿರುವಾಗ ಮುಟ್ಟುವುದುಂಟೇ ಎಂದಳು. ಮರಿ ಹಾರಿಹೋದ ವಾರದಲ್ಲೇ ಮತ್ತೆರಡು ಮೊಟ್ಟೆ. ಒಣಗಹಾಕಿದ ಬಟ್ಟೆಯ ಗತಿಯನ್ನು ಲಲಿತ ಪ್ರಬಂಧದಲ್ಲಿ ವರ್ಣಿಸಬಾರದು. ಮೇಲಿನ ಮಹಡಿಯ ಅಜ್ಜಿಯೊಬ್ಬರು ದಿನಾ ಬೆಳಿಗ್ಗೆ ಪ್ಯಾರಪೆಟ್ಟಿನ ಮೇಲೆ ಅಕ್ಕಿ, ಜೋಳ ಚೆಲ್ಲಿ ಪುಣ್ಯ ಕಟ್ಟಿಕೊಳ್ಳುತ್ತಾರೆ, ಆ ಪುಣ್ಯದ ಉಳಿಕೆಯೆಲ್ಲ ಕೆಳಗಿನ ಮಹಡಿಗಳ ಪಾಲಿಗೆ ಬೀಳುತ್ತದೆ. ಸಂಘದ ಸಭೆಯಲ್ಲಿ ಈ ವಿಷಯವೆತ್ತಿದಾಗ ಅಜ್ಜಿ, "ಅವೂ ಜೀವವೇ ಅಲ್ವೇನಪ್ಪಾ" ಎಂದರು. ಕಾರ್ಯದರ್ಶಿಗಳು ಕಾರ್ ಪಾರ್ಕಿಂಗ್ ವಿಷಯಕ್ಕೆ ಹೊರಳಿದರು.

ಕೊನೆಗೆ, ಒಂದು ಜೋಡಿ ಮರಿ ಹಾರಿ ಇನ್ನೊಂದು ಜೋಡಿ ಮೊಟ್ಟೆ ಬೀಳುವ ಸಣ್ಣ ಸಂದಿಯಲ್ಲಿ, ಲಿಫ್ಟಿನ ಬಾಗಿಲ ಬಳಿ ಅಂಟಿಸಿದ್ದ ಸ್ಟಿಕ್ಕರಿನ ನಂಬರಿಗೆ ಫೋನು ಮಾಡಿ ಬಲೆ ಕಟ್ಟುವವನನ್ನು ಕರೆಸಿದೆ. ಇಪ್ಪತ್ತರ ಆಸುಪಾಸಿನ ಹುಡುಗ. ಸುತ್ತಿದ ನೈಲಾನ್ ಬಲೆ, ಕೊಕ್ಕೆಗಳ ಪೊಟ್ಟಣ, ಡ್ರಿಲ್ಲು. ಚಪ್ಪಲಿ ಬಿಟ್ಟು ಬಂದವನೇ ಕಂಬಿಗಳನ್ನು ದಾಟಿ ಆಚೆ ಬದಿಗೆ ಹೋಗಿ, ಎರಡು ಬೆರಳಗಲದ ಅಂಚಿನ ಮೇಲೆ ಪಾದವೂರಿ, ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಡ್ರಿಲ್ಲು ಹಿಡಿದು ಮೇಲಿನ ಮೂಲೆಗೆ ತೂತು ಕೊರೆಯತೊಡಗಿದ. ನಾನು, "ಬೆಲ್ಟ್ ಎಲ್ಲಪ್ಪಾ?" ಎಂದೆ. "ಕೆಳಗೆ ನೋಡಬಾರದು ಸಾರ್, ಅಷ್ಟೇ" ಎಂದ. ನಾನು ನೋಡಿದೆ. ಕೆಳಗೆ ಕಾರ್ಯದರ್ಶಿಗಳ ಕಾರಿತ್ತು. ಹಲ್ಲಿನಲ್ಲಿ ಕೊಕ್ಕೆಗಳನ್ನು ಕಚ್ಚಿಕೊಂಡು, ಚದರಡಿಯ ಲೆಕ್ಕದಲ್ಲಿ ದುಡ್ಡು ಹೇಳುತ್ತಾ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಒಳಗೆ ಬಂದು ನೀರು ಕೇಳಿದ. ಆಗಲೇ ಗೊತ್ತಾದದ್ದು, ಏಸಿಯ ಹಿಂದೆ ಒಂದು ಪಾರಿವಾಳ ಬಲೆಯ ಒಳಗೇ ಉಳಿದುಬಿಟ್ಟಿದೆಯೆಂದು. ಹುಡುಗ ಬಾಲ್ಕನಿಗೆ ಹೋಗಿ, ಗದ್ದಲವಿಲ್ಲದೆ ಕೈಚಾಚಿ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು, ನಮ್ಮ ಹಾಲಿನ ಮೂಲಕ ನಡೆದು, ಮುಂಬಾಗಿಲ ಕಾರಿಡಾರಿನ ಕಿಟಕಿಯಿಂದ ಹಾರಿಬಿಟ್ಟ. ಅದು ನೇರವಾಗಿ ಅಜ್ಜಿಯ ಮಹಡಿಗೆ ಹೋಯಿತು.

ಪಾರಿವಾಳ ಮೂಲತಃ ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುವ ಹಕ್ಕಿ. ಅದರ ಕಣ್ಣಿಗೆ ಅಪಾರ್ಟ್‌ಮೆಂಟೂ ಗಗನಚುಂಬಿಯೂ ಬೇರೆ ಬೇರೆ ಆಕಾರದ ಬಂಡೆಗಳಷ್ಟೇ. ಉತ್ತರ ಅಮೆರಿಕಕ್ಕೆ ಅದನ್ನು ಯುರೋಪಿನಿಂದ ವಲಸೆ ಹೋದವರು 17ನೇ ಶತಮಾನದಲ್ಲಿ ಸಾಕುಹಕ್ಕಿಯಾಗಿ ಒಯ್ದರು, ತಪ್ಪಿಸಿಕೊಂಡವು ಊರು ಹಿಡಿದವು. ನ್ಯೂಯಾರ್ಕಿನ ತಾರಸಿಗಳ ಮೇಲೆ ಪಾರಿವಾಳ ಸಾಕುವ ಹಳೆಯ ಹವ್ಯಾಸ ಇಂದಿಗೂ ಉಳಿದಿದೆ, ಅವನ್ನು ಬೇಟೆಯಾಡುವ ಪೆರೆಗ್ರಿನ್ ಡೇಗೆಗಳು ಅಲ್ಲಿನ ಸೇತುವೆಗಳ ಮೇಲೂ ಎತ್ತರದ ಕಟ್ಟಡಗಳ ಮೇಲೂ ಗೂಡು ಮಾಡಿಕೊಂಡಿವೆ. ಹೊವಾರ್ಡನ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವಾಗ ಸ್ಪೈಡರ್‌ಮ್ಯಾನ್ ಮಾಡುವುದು ಆ ಡೇಗೆಯ ಕೆಲಸವನ್ನೇ. ಆ ಅಟ್ಟಾಟದಲ್ಲಿ ಆಟದ ಅತ್ಯುತ್ತಮ ಗುಣವೂ ನಿಮಗೆ ಕೊಟ್ಟ ಕೆಲಸವೂ ಒಂದೇ ಆಗಿಬಿಡುತ್ತವೆ. ಗುಂಡು ಹಾರಿಸುವವರಿಲ್ಲ, ತರಂಗಾಂತರ ಸರಿಪಡಿಸುವ ಟವರಿಲ್ಲ, ಹಾರಬೇಕು, ಅಷ್ಟೇ. ಇಂಥವು ಹನ್ನೆರಡೇ ಸಾಕೆಂದು ತೀರ್ಮಾನಿಸಿದ ಪುಣ್ಯಾತ್ಮರು ಕಳ್ಳತನಗಳ ವಿಷಯದಲ್ಲಿ ಏಕೆ ಕೈ ಬಿಗಿ ಹಿಡಿಯಲಿಲ್ಲವೋ ತಿಳಿಯದು.

ಪೀಟರನ ಗೆಳತಿ ಮೇರಿ ಜೇನ್ ಬೆಕ್ಕಿನಂತೆ ಬಗ್ಗಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸರಿಯುವ ಅಧ್ಯಾಯಗಳ ಬಗ್ಗೆ ಬಹಳ ಜನ ದೂರಿದ್ದಾರೆ, ಆ ದೂರು ನ್ಯಾಯವಾದದ್ದೇ. ಆದರೆ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಅಧ್ಯಾಯವನ್ನು ಹೊರತುಪಡಿಸಬೇಕು: ಅಲ್ಲಿ ಅವಳು ಗುರುತಿಸಿದ ಕಾವಲುಗಾರನನ್ನು ಮೇಲಿನಿಂದ ಸ್ಪೈಡರ್‌ಮ್ಯಾನ್ ಸದ್ದಿಲ್ಲದೆ ಎತ್ತಿಕೊಳ್ಳುತ್ತಾನೆ, ಇಬ್ಬರು ಕೂಡಿ ಮಾಡುವ ಆ ಕೆಲಸದಲ್ಲಿ ಒಂದು ಸಲಿಗೆಯಿದೆ. ಆಟ ಬಿಡುಗಡೆಯಾಗುವ ಮೊದಲೇ ಭುಗಿಲೆದ್ದ ಜಗಳವಂತೂ ನೀರಿನ ಹೊಂಡಗಳದ್ದು. ಮೊದಲು ತೋರಿಸಿದ ತುಣುಕಿನಲ್ಲಿ ಕಟ್ಟಡವೊಂದರ ಕಾಮಗಾರಿಯ ಜಾಗದಲ್ಲಿ ನಿಂತಿದ್ದ ನೀರು ನಂತರದ ತುಣುಕಿನಲ್ಲಿ ಕಡಿಮೆಯಾಗಿದೆ, ಆದ್ದರಿಂದ ನಮಗೆ ಮೋಸವಾಗಿದೆ ಎಂದು ಜನ ಕೂಗಾಡಿದರು. ತಯಾರಕರು ಹೊಂಡದ ಗಾತ್ರವನ್ನಷ್ಟೇ ಬದಲಿಸಿದ್ದೇವೆಂದು ವಿವರಿಸಿ, ಆಮೇಲೆ ಫೋಟೋ ಮೋಡಿನಲ್ಲಿ ಎಲ್ಲಿ ಬೇಕಾದರೂ ಅಂಟಿಸಿಕೊಳ್ಳುವಂಥ ಹೊಂಡದ ಸ್ಟಿಕ್ಕರುಗಳನ್ನೇ ಕೊಟ್ಟುಬಿಟ್ಟರು. ರಸ್ತೆಯಲ್ಲಿ ನೀರು ನಿಂತಿಲ್ಲವೆಂದು ಪ್ರಜೆಗಳು ಪ್ರತಿಭಟಿಸಿದ ಊರನ್ನು ಬೆಂಗಳೂರಿನವನಾದ ನಾನು ಇನ್ನೆಲ್ಲಿ ಕಾಣಲಿ?

ಹಾರ್ಲೆಮ್ಮಿನ ಸ್ಮಶಾನವೊಂದರಲ್ಲಿ ಬೆನ್ ಪಾರ್ಕರ್ ಅವರ ಸಮಾಧಿಯಿದೆ. ಕಥೆ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ನಿಮ್ಮಷ್ಟಕ್ಕೆ ನೀವೇ ಹುಡುಕಿಕೊಂಡು ಹೋಗಿ ನಿಂತು ನಮಿಸಬಹುದು. ಎಷ್ಟು ಸಂಯಮ, ಎಷ್ಟು ಘನತೆ ಎಂದುಕೊಳ್ಳುವಷ್ಟರಲ್ಲಿ ಟಿಣ್ಣೆಂಬ ಸದ್ದಿನೊಡನೆ ಪರದೆಯ ಮೂಲೆಯಲ್ಲಿ ಟ್ರೋಫಿಯೊಂದು ಉದುರುತ್ತದೆ. ದೊಡ್ಡಪ್ಪನ ಸಮಾಧಿಗೆ ಕೈಮುಗಿದುದಕ್ಕೆ ಕಂಚಿನ ಬಟ್ಟಲು! ಇಂಥದ್ದನ್ನು ಸುಮ್ಮನೆ ಬಿಡಲಾರದ ಚಟವೇ ಈ ಆಟದ, ಬಹುಶಃ ಈ ಇಡೀ ಜಾತಿಯ ಆಟಗಳ, ಮುಖ್ಯ ರೋಗವೆಂದು ನನಗೆ ತೋರುತ್ತದೆ. ಏನು ಮಾಡಿದರೂ ಎಣಿಸಬೇಕು, ಎಣಿಸಿದ್ದಕ್ಕೆ ಬಹುಮಾನ ಕೊಡಬೇಕು.

ಮುಂದಿನ ಆಟಗಳನ್ನೂ ನಾನು ಬಿಟ್ಟಿಲ್ಲ. 2020ರ ಮೈಲ್ಸ್ ಮೊರಾಲೆಸ್ ಆಟದಲ್ಲಿ ಹಿಮ ಬಿದ್ದ ಮ್ಯಾನ್‌ಹಟನ್ ಕಣ್ಣಿಗೆ ಹಬ್ಬ, ಆದರೆ ಕ್ರೈಸ್ಲರ್ ಕಟ್ಟಡ ಮಾಯವಾಗಿತ್ತು; ಮಾಲೀಕತ್ವ ಬದಲಾದ ಮೇಲೆ ಒಪ್ಪಂದ ಕುದುರಲಿಲ್ಲವಂತೆ. ಸೂಪರ್‌ಹೀರೋಗಳ ನಗರದಲ್ಲೂ ಕೊನೆಯ ಮಾತು ಕಟ್ಟಡದ ಮಾಲೀಕರದ್ದೇ. 2023ರ ಎರಡನೆಯ ಭಾಗದಲ್ಲಿ ಬ್ರೂಕ್ಲಿನ್, ಕ್ವೀನ್ಸ್ ಸೇರಿಕೊಂಡವು, ಕಂಕುಳಿಗೆ ಬಲೆಯ ರೆಕ್ಕೆ ಬಂತು, ಅದನ್ನು ಬಿಚ್ಚಿ ಈಸ್ಟ್ ನದಿಯನ್ನು ಒಂದೇ ಉಸಿರಿಗೆ ದಾಟಬಹುದು. ಹೊವಾರ್ಡ್ ಅಲ್ಲಿಯೂ ಇದ್ದಾನೆ, ಈ ಬಾರಿ ಪಾರಿವಾಳಗಳನ್ನು ಹಿಡಿಯುವುದಲ್ಲ, ಅವನ್ನು ಹೊಸ ನೆಲೆಗೆ ಮುಟ್ಟಿಸುವುದು. ಆ ಕೆಲಸ ಹೇಗೆ ಮುಗಿಯುತ್ತದೆಂದು ಆಡದವರಿಗೆ ಹೇಳುವುದಿಲ್ಲ, ನನ್ನ ಹೆಂಡತಿ ಆ ಹೊತ್ತಿಗೆ ಹಾಲಿಗೆ ಬಂದು, "ಕಣ್ಣಿಗೇನಾಯ್ತು?" ಎಂದು ಕೇಳಿದಳೆಂದಷ್ಟೇ ಹೇಳಬಲ್ಲೆ. ಪಾರಿವಾಳದ ಧೂಳು ಎಂದೆ.

ಆದರೂ ಎರಡನೆಯ ಭಾಗದ ಮೇಲೆ ನನ್ನದೊಂದು ತಕರಾರು ಉಳಿದೇ ಇದೆ. ಹಳೆಯ ಪ್ಲೇಸ್ಟೇಷನ್ನಿನಲ್ಲಿ ದೂರದ ಬಡಾವಣೆಗೆ ಬೇಗ ಹೋಗಬೇಕೆಂದರೆ ಸಬ್‌ವೇ ಹಿಡಿಯಬೇಕಿತ್ತು. ಯಂತ್ರ ಊರನ್ನು ಜೋಡಿಸಿಕೊಳ್ಳುವ ಆ ಕೆಲವು ಕ್ಷಣಗಳಲ್ಲಿ ಸ್ಪೈಡರ್‌ಮ್ಯಾನ್ ಪೂರ್ಣ ದಿರಿಸಿನಲ್ಲಿ ರೈಲು ಡಬ್ಬಿಯೊಳಗೆ ಮಾಮೂಲಿ ಪ್ರಯಾಣಿಕರ ನಡುವೆ ಕೂತಿರುತ್ತಿದ್ದ, ನ್ಯೂಯಾರ್ಕಿನ ಜನ ಅದಕ್ಕೆ ಹುಬ್ಬನ್ನೂ ಹಾರಿಸುತ್ತಿರಲಿಲ್ಲ. ಅದನ್ನು ನೋಡುವುದಕ್ಕೆಂದೇ ಅನಗತ್ಯವಾಗಿ ಹಾರ್ಲೆಮ್ಮಿಗೆ ಟಿಕೆಟು ತೆಗೆಸಿದವನು ನಾನು. ಈಗಿನ ಯಂತ್ರ ಎಷ್ಟು ಚುರುಕೆಂದರೆ ಮ್ಯಾಪಿನ ಮೇಲೆ ಬೆರಳೊತ್ತಿ ಬಿಡುವಷ್ಟರಲ್ಲಿ ಅವನು ಆ ಬಡಾವಣೆಯ ಮೇಲೆ ನೇತಾಡುತ್ತಿರುತ್ತಾನೆ. ಇದು ಮುಂದುವರಿದ ತಂತ್ರಜ್ಞಾನವೆಂದು ಮಗ ಹೆಮ್ಮೆಯಿಂದ ವಿವರಿಸಿದ. ಕಾಯುವ ಸಮಯ ಉಳಿಯಿತೆಂದೂ ಹೇಳಿದ. ಆ ಉಳಿದ ಸಮಯದಲ್ಲಿ ಏನು ಮಾಡಬೇಕೆಂದು ಕೇಳಿದರೆ, ಇನ್ನೂ ಒಂದಷ್ಟು ಕಾರು ಹಿಡಿಯಬಹುದಂತೆ.