ಬಣ್ಣಕ್ಕೂ 11 ತಿಂಗಳ ಅಗ್ರಿಮೆಂಟು

ಡಿಸೈನ್ ಸಾಫ್ಟ್‌ವೇರ್ ಮಾರುವ ಕಂಪನಿಗಳನ್ನು ಎಲ್ಲರೂ ಬೈಯುತ್ತಾರೆ. ನಾನು ಬೈಯಲ್ಲ. ಮುಂಬೈಯಲ್ಲಿ ಮೂವತ್ತು ವರ್ಷ ಬಾಡಿಗೆ ಮನೆಯಲ್ಲಿ ಕಳೆದವನಿಗೆ ಅವರು ಬೇರೆಯವರು ಅನಿಸುವುದೇ ಇಲ್ಲ. ಕೊಳ್ಳುವ ಹಾಗಿಲ್ಲ, ತಿಂಗಳು ತಿಂಗಳು ಕಟ್ಟು, ನಡುವೆ ಬಿಟ್ಟರೆ ದಂಡ. ಇದು ನಮ್ಮ ಲೀವ್ ಅಂಡ್ ಲೈಸೆನ್ಸ್, ಅಂದರೆ 11 ತಿಂಗಳ ಮನೆ ಬಾಡಿಗೆ ಅಗ್ರಿಮೆಂಟೇ ಅಲ್ವಾ? ಪಾಪ, ಅವರು ಅದಕ್ಕೆ ಸಬ್‌ಸ್ಕ್ರಿಪ್ಷನ್ ಅಂತ ಚಂದದ ಹೆಸರಿಟ್ಟಿದ್ದಾರೆ ಅಷ್ಟೇ.

ಫೋಟೋಶಾಪ್ ಮಾಡುವ ಅಡೋಬಿ ಕಂಪನಿ 2013ರ ಮೇ ತಿಂಗಳಲ್ಲಿ, ತನ್ನ ಡಿಸೈನ್ ಸಾಫ್ಟ್‌ವೇರುಗಳ ಕಟ್ಟು ಕ್ರಿಯೇಟಿವ್ ಸೂಟ್ 6 ಆದ ಮೇಲೆ ಹೊಸದೇನನ್ನೂ ಮಾರುವುದಿಲ್ಲ, ಇನ್ನು ಬರೀ ಬಾಡಿಗೆ ಎಂದಿತು. ಅದಕ್ಕೂ ಮುಂಚೆ ಒಂದೇ ಸಲ ದುಡ್ಡು ಕೊಟ್ಟು ತಗೊಂಡವರದು ಪಗಡಿ ಮನೆಯ ಕಥೆ. ಗಿರ್ಗಾಂವ್ ಕಡೆ ಹಳೆಯ ಚಾಳುಗಳನ್ನು ನೋಡಿದವರಿಗೆ ಗೊತ್ತು. ದೊಡ್ಡ ಮೊತ್ತ ಯಾವ ಕಾಲದಲ್ಲೋ ಕೊಟ್ಟಾಗಿದೆ, ಈಗ ಹೆಸರಿಗೊಂದು ಬಾಡಿಗೆ, ಯಾರೂ ಎಬ್ಬಿಸುವ ಹಾಗಿಲ್ಲ. ಓನರ್ ಮಾತ್ರ ಒಂದು ಮೊಳೆ ಹೊಡೆದುಕೊಡಲ್ಲ. ಮಳೆಗಾಲದಲ್ಲಿ ಸೋರಿದರೆ ಬಕೆಟ್ ಇಡು, ಮಾಳಿಗೆ ಜಗ್ಗಿದರೆ ಮರದ ಕಂಬ ಕೊಡು. 2019ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಲ್ಲಿ 32 ಬಿಟ್ ಎನ್ನುವ ಹಳೆಯ ಬಗೆಯ ಪ್ರೋಗ್ರಾಮುಗಳಿಗೆ ಬಾಗಿಲು ಹಾಕಿತಲ್ಲ, ಆಗ ಆ ಸೂಟ್ ಇಟ್ಟುಕೊಂಡವರಿಗೆ ಅಂಥ ಕಂಬವೂ ಸಿಗಲಿಲ್ಲ.

ಹಾಗಂತ ಹಳೆಯ ಕಾಲ ಸತ್ಯಯುಗ ಅಂತ ನಾನು ಹೇಳಲ್ಲ. ನಾವು 'ಒಂದೇ ಸಲ' ಕೊಳ್ಳುತ್ತಿದ್ದದ್ದು ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತಿನಲ್ಲಿ, ಕಳ್ಳ ಸಿಡಿ ಲೆಕ್ಕದಲ್ಲಿ. ಪೊಲೀಸು ಬಂದರೆ ಅಂಗಡಿಯವನೂ ಗಿರಾಕಿಯೂ ಒಟ್ಟಿಗೆ ಓಡುವುದು. ನಿಯತ್ತಾಗಿ ದುಡ್ಡು ಕೊಟ್ಟದ್ದು ಅಕ್ಷರಕ್ಕೆ ಮಾತ್ರ. ನಮ್ಮ ಭಾಷೆಗಳ ಅಕ್ಷರ ಮೂಡಿಸುವ ಪುಣೆಯವರ ಶ್ರೀಲಿಪಿ ಸಾಫ್ಟ್‌ವೇರ್, ಡಾಂಗಲ್ ಎಂಬ ಸಣ್ಣ ಸಾಧನದ ಜೊತೆ ಬರುತ್ತಿತ್ತು. ಕಂಪ್ಯೂಟರ್ ಹಿಂದೆ ಅದನ್ನು ಸಿಕ್ಕಿಸದಿದ್ದರೆ ಒಂದು 'ಶ್ರೀ' ಕೂಡ ಬರೆಯಲಾಗದು. ಆ ಡಾಂಗಲ್ಲನ್ನು ನಾವು ರಾತ್ರಿ ದೇವರ ಗೂಡಿನಲ್ಲಿಟ್ಟು ಮಲಗಿದ್ದುಂಟು. ಆದರೂ ಬೀಗದ ಕೈ ನಮ್ಮ ಮನೆಯಲ್ಲೇ ಇರುತ್ತಿತ್ತು.

ಈಗ ಬಾಡಿಗೆದಾರರ ಸುಖ ನೋಡಿ. 2024ರ ಜೂನ್‌ನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಅಡೋಬಿಯ ಮೇಲೆ ಕೇಸು ಹಾಕಿಸಿತು. ವರ್ಷದ ಪ್ಲಾನು, ತಿಂಗಳ ಕಂತು. ಮೊದಲ ವರ್ಷದಲ್ಲೇ ಬಿಟ್ಟು ಹೋದರೆ ಉಳಿದ ಕಂತುಗಳ ಅರ್ಧ ದುಡ್ಡು ತೆರಬೇಕು, ಅದನ್ನು ಸಣ್ಣಕ್ಷರದಲ್ಲಿ ಅಡಗಿಸಿದ್ದಾರೆ ಅನ್ನುವುದು ದೂರು. ಅಮೆರಿಕದವರಿಗೆ ಇದು ಹೊಸದು, ಪಾಪ. ನಮ್ಮ ಡೊಂಬಿವಲಿಯ ಬ್ರೋಕರ್ ಲಾಕ್ ಇನ್ ಪೀರಿಯಡ್ ಅನ್ನು, ಅಂದರೆ ಮನೆ ಬಿಡಬಾರದ ಅವಧಿಯನ್ನು, ಬಾಯಿಬಿಟ್ಟು ಹೇಳುತ್ತಾನೆ. ಹೇಳಿದ್ದಕ್ಕೆ ಒಂದು ತಿಂಗಳ ಬಾಡಿಗೆ ಕಿತ್ತುಕೊಳ್ಳುತ್ತಾನೆ, ಆ ಮಾತು ಬೇರೆ.

2022ರಲ್ಲಿ ಪ್ಯಾಂಟೋನ್ ಬಣ್ಣಗಳ, ಅಂದರೆ ಪ್ರೆಸ್ಸಿನವರು ನಂಬರ್ ಹೇಳಿ ಗುರುತಿಸುವ ಬಣ್ಣಗಳ, ಕಥೆಯಂತೂ ಇನ್ನೂ ಚಂದ. ಹಳೆಯ ಫೋಟೋಶಾಪ್ ಫೈಲ್ ತೆರೆದರೆ ಆ ಬಣ್ಣಗಳಿದ್ದ ಜಾಗವೆಲ್ಲ ಕಪ್ಪು. ಬಣ್ಣ ಬೇಕಾದರೆ ಅದಕ್ಕೆ ಬೇರೆ ಚಂದಾ ಕಟ್ಟಬೇಕು. ನನ್ನ ಓನರುಗಳಲ್ಲಿ ಎಂಥೆಂಥವರೋ ಇದ್ದರು. ಡಿಪಾಸಿಟ್ ಕೊಡದೆ ಸತಾಯಿಸಿದವರು, ಮೀನಿನ ವಾಸನೆ ಬಂತು ಅಂತ ಬಾಗಿಲು ಬಡಿದವರು. ಗೋಡೆಯ ಬಣ್ಣ ಕೆರೆದುಕೊಂಡು ಹೋದವರು ಯಾರೂ ಇರಲಿಲ್ಲ.

ಭಾವಮೈದ ಡೊಂಬಿವಲಿ ಪೂರ್ವದಲ್ಲಿ ಒಂದು ಸಣ್ಣ ಖೋಲಿಯಲ್ಲಿ ಫ್ಲೆಕ್ಸು, ಮದುವೆ ಕಾಗದ, ತಾಳಮದ್ದಳೆಯ ಹ್ಯಾಂಡ್‌ಬಿಲ್ಲು ಮಾಡುತ್ತಾನೆ. ಮೊನ್ನೆ ಒಬ್ಬರು ಶೆಟ್ಟರು ಬಂದು, "ನಮ್ಮ ಮದುವೆ ಕಾಗದಕ್ಕೆ ಹಾಕಿದ ಮಾವಿನೆಲೆ ಬಾರ್ಡರ್ರೇ ಗೃಹಪ್ರವೇಶಕ್ಕೂ ಬೇಕು ಮಾರಾಯ್ರೆ" ಅಂದರಂತೆ. ಆ ಬಾರ್ಡರ್ ಇವನೇ ಬರೆದದ್ದು, ಒಂದೊಂದು ಎಲೆಯ ನರವನ್ನೂ ಮೌಸ್ ಹಿಡಿದು ಎಳೆದದ್ದು. ಫೈಲ್ ಇದೆ, ಹೆಸರು ಕಾಣುತ್ತಿದೆ. ತೆರೆಯಲು ಹೋದರೆ 'ನಿಮ್ಮ ಚಂದಾ ಮುಗಿದಿದೆ'. ಕಂಪನಿಯ ಹೆಸರು ಬೇಡ.

"ಭಾವ, ನಾನು ಬರೆದ ಎಲೆ ನೋಡ್ಲಿಕ್ಕೆ ನಾನೇ ದುಡ್ಡು ಕೊಡ್ಬೇಕಾ?" ಅಂದ.

ಉತ್ತರ ನನ್ನಲ್ಲಿರಲಿಲ್ಲ. ಬಾಡಿಗೆ ಅಂದರೆ ಬಾಡಿಗೆ, ಒಪ್ಪಿದೆ. ಆದರೆ ಮನೆ ಖಾಲಿ ಮಾಡುವಾಗ ಬಾಡಿಗೆದಾರ ತನ್ನ ಪಾತ್ರೆ, ತನ್ನ ಮಂಚ, ತನ್ನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನೆ. ಇಲ್ಲಿ ಅವೆಲ್ಲ ಒಳಗೇ, ಬಾಗಿಲಿಗೆ ಬೀಗ. ಹನ್ನೆರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ದುಡಿದದ್ದು ಯಾರದು ಸ್ವಾಮಿ? ಸುಸ್ತಾಗುತ್ತದೆ.

ಒಂದೇ ಸಲ ಕೊಂಡರೆ ಸಾಕು ಎನ್ನುತ್ತಿದ್ದ ಅಫಿನಿಟಿ ಎಂಬ ಡಿಸೈನ್ ಸಾಫ್ಟ್‌ವೇರನ್ನು 2024ರಲ್ಲಿ ಕ್ಯಾನ್ವಾ ಕಂಪನಿ ಕೊಂಡಿತು, 2025ರ ಅಕ್ಟೋಬರಿನಲ್ಲಿ ಪೂರ್ತಿ ಫ್ರೀ ಮಾಡಿತು. ಎಐ ಬೇಕಾದವರಿಗೆ ಮಾತ್ರ ಚಂದಾ. ಭಾವಮೈದ ಕುಣಿದಾಡುತ್ತಿದ್ದಾನೆ. ಮುಂಬೈಯಲ್ಲಿ ಯಾರಾದರೂ ಬಾಡಿಗೆ ಇಲ್ಲದೆ ಮನೆ ಕೊಡುತ್ತೇನೆ ಅಂದರೆ ನಾನು ಮೊದಲು ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡುತ್ತೇನೆ. ಸದ್ಯಕ್ಕೆ ನೀರು ಬರುತ್ತಿದೆ.

ಶೆಟ್ಟರ ಕೆಲಸ ಏನಾಯ್ತು ಅಂದ್ರಾ? ಅವರ ಹೆಂಡತಿ ಕಪಾಟಿನಿಂದ ಹಳೆಯ ಮದುವೆ ಕಾಗದ ಹುಡುಕಿ ತಂದುಕೊಟ್ಟರು. ಅರಿಶಿನ ಹತ್ತಿದ ಮೂಲೆಯೊಂದನ್ನು ಬಿಟ್ಟರೆ ಎಲೆಗಳೆಲ್ಲ ಸರಿಯಾಗಿದ್ದವು. ಭಾವಮೈದ ಅದನ್ನೇ ಸ್ಕ್ಯಾನ್ ಮಾಡಿದ.